ಪಾಯ ತೋಡುವ ಮೊದಲು ಇನ್ನೊಂದು ಕಣ್ಣು

ನಮ್ಮ ಹೊಸ ಮನೆಯ ನಕ್ಷೆಯನ್ನು ಮೊದಲು ತಿದ್ದಿದವರು ಎಂಜಿನಿಯರ್ ಅಲ್ಲ, ಆಯ ನೋಡುವ ಅಯ್ಯನವರು. ಜಗುಲಿಯ ಮೇಲೆ ಚಾಪೆ ಹಾಕಿ ಕೂತು, ನಕ್ಷೆಯನ್ನು ಒಮ್ಮೆ ಉದ್ದಕ್ಕೆ ಒಮ್ಮೆ ಅಡ್ಡಕ್ಕೆ ತಿರುಗಿಸಿ, ಬೆರಳು ಮಡಿಚಿ ಲೆಕ್ಕ ಹಾಕಿ, "ಅಡುಗೆಮನೆ ಇಲ್ಲಿ ಬೇಡ, ಆಗ್ನೇಯಕ್ಕೆ ಬರಲಿ. ತಲೆಬಾಗಿಲು ಒಂದೂವರೆ ಅಡಿ ಈಚೆಗೆ ಸರೀಲಿ" ಅಂದರು. ಯಾರೂ ಎದುರಾಡಲಿಲ್ಲ. ಅಪ್ಪ ಮಾರನೇ ದಿನವೇ ಕೊಳ್ಳೇಗಾಲಕ್ಕೆ ಹೋಗಿ, ನಕ್ಷೆ ಬರೆದುಕೊಟ್ಟವರ ಹತ್ತಿರ ಹೊಸದಾಗಿ ಗೆರೆ ಎಳೆಸಿಕೊಂಡು ಬಂದರು. ಮೇಸ್ತ್ರಿಯೂ "ಅಯ್ನೋರು ಹೇಳಿದ ಮೇಲೆ ಮುಗೀತು" ಎಂದು ತಲೆಯಾಡಿಸಿದರು.

ಆಮೇಲೆ ಯೋಚಿಸಿದರೆ ಇದರಲ್ಲಿ ಒಂದು ವಿವೇಕವಿದೆ. ಅಯ್ಯನವರಿಗೆ ಮೇಸ್ತ್ರಿಯಿಂದ ಕಾಸು ಬರುವುದಿಲ್ಲ. ಕಂಬಿ, ಸಿಮೆಂಟ್ ಅಂಗಡಿಯ ಕಮಿಷನ್ ಇಲ್ಲ. ಮನೆ ಬೇಗ ಮುಗಿದರೂ ತಡವಾದರೂ ಅವರಿಗೆ ಆಗಬೇಕಾದ್ದೇನೂ ಇಲ್ಲ. ಅದಕ್ಕೇ ಅವರ ಮಾತಿಗೆ ತೂಕ. ಕೆಲಸ ಶುರುವಾಗುವ ಮುಂಚೆ, ಆ ಕೆಲಸದಿಂದ ಲಾಭವಿಲ್ಲದ ಒಬ್ಬರು ನಕ್ಷೆ ನೋಡಬೇಕು ಎನ್ನುವುದು ನಮ್ಮೂರಿಗೆ ಗೊತ್ತಿಲ್ಲದ ವಿಷಯವಲ್ಲ.

ಆದರೆ ಹದಿನೈದು ದಿನ ಬಿಟ್ಟು ಅದೇ ಮನೆಯ ಕಂಬಿಯ ನಕ್ಷೆಯನ್ನು ನಮ್ಮ ಕಾಲೇಜಿನ ಮೇಷ್ಟರಿಗೆ ತೋರಿಸಿ ಬರುತ್ತೇನೆ ಎಂದಾಗ ಮನೆಯಲ್ಲಿ ಗಲಾಟೆಯೇ ಆಯಿತು.

ನಮ್ಮೂರು ಅಗರ. ಯಳಂದೂರು ತಾಲ್ಲೂಕು. ಮಾಂಬಳ್ಳಿಯನ್ನು ಸೇರಿಸಿ ಅಗರ-ಮಾಂಬಳ್ಳಿ ಎಂದರೆ ಈ ಭಾಗದವರಿಗೆ ತಟ್ಟನೆ ಗೊತ್ತಾಗುತ್ತದೆ. ನಾನು ಸಿವಿಲ್ ಎಂಜಿನಿಯರಿಂಗ್ ಕೊನೆಯ ವರ್ಷದಲ್ಲಿದ್ದೇನೆ. ಹಾಗಂತ ಮನೆಯಲ್ಲಿ ಯಾರೂ ನನ್ನನ್ನು ಕೇಳಿ ಕಂಬಿ ತರುವುದಿಲ್ಲ. "ಓದೋದು ಬೇರೆ, ಕಟ್ಟೋದು ಬೇರೆ ಕಣವ್ವ" ಎನ್ನುವುದು ಮೇಸ್ತ್ರಿಯ ಮಾತು. ಅದರಲ್ಲಿ ಸುಳ್ಳೂ ಇಲ್ಲ. ಅವರು ನಲವತ್ತು ವರ್ಷದಿಂದ ಮನೆ ಕಟ್ಟುತ್ತಿದ್ದಾರೆ. ನಾನು ಕಟ್ಟಿರುವುದು ಪ್ರಾಜೆಕ್ಟ್ ಎಕ್ಸಿಬಿಷನ್‌ಗೆಂದು ಐಸ್‌ಕ್ರೀಂ ಕಡ್ಡಿಯ ಸೇತುವೆ ಒಂದೇ.

ನಮ್ಮ ಮನೆಗೆ ಎರಡು ಹಾಳೆ ಇದ್ದವು. ಒಂದು ಪಂಚಾಯಿತಿಗೆ ಕೊಡುವ ಹಾಳೆ. ಅದರಲ್ಲಿ ಹಾಲು, ರೂಮು, ಬಚ್ಚಲು, ಮೆಟ್ಟಿಲು, ರಸ್ತೆ ಯಾವ ಕಡೆ, ಅಕ್ಕಪಕ್ಕ ಎಷ್ಟು ಜಾಗ ಬಿಟ್ಟಿದ್ದೇವೆ, ಇಷ್ಟೂ ಚೆನ್ನಾಗಿ ಬರೆದಿತ್ತು. ಕೆಳಗೆ ಸಹಿ, ಸೀಲು, ನೋಂದಣಿ ಸಂಖ್ಯೆ ಎಲ್ಲ ಇತ್ತು. ಇನ್ನೊಂದು ಮೇಸ್ತ್ರಿಯ ಕೈಯಲ್ಲಿದ್ದ ಹಾಳೆ. ಪಿಲ್ಲರ್ ಎಲ್ಲೆಲ್ಲಿ, ಬೀಮ್ ಎಷ್ಟು ದಪ್ಪ, ಯಾವ ಕಂಬಿ ಎಷ್ಟು, ಪಾಯ ಎಷ್ಟು ಆಳ ಎಂಬುದೆಲ್ಲ ಅದರಲ್ಲಿತ್ತು. ಮಡಿಚಿ ಮಡಿಚಿ ಅದರ ಮಡಿಕೆಗಳು ಹರಿಯುವಂತಾಗಿದ್ದವು. ಅದರ ಕೆಳಗೆ ಹೆಸರು ಬರೆಯುವ ಚೌಕವೇನೋ ಇತ್ತು, ಒಳಗೆ ಏನೂ ಇರಲಿಲ್ಲ. ನಾಳೆ ನಾವೆಲ್ಲ ಯಾವುದರ ಕೆಳಗೆ ಮಲಗಬೇಕೋ ಅದನ್ನು ಹಿಡಿದು ನಿಲ್ಲಿಸುವ ಹಾಳೆಗೆ ಯಾರ ಹೆಸರೂ ಇಲ್ಲ!

ಕೊಳ್ಳೇಗಾಲದಲ್ಲಿ ನಕ್ಷೆ ಬರೆದವರಿಗೆ ಫೋನ್ ಮಾಡಿದೆ. "ಆ ಕಂಬಿ ಶೀಟ್ ನಮ್ಮದಲ್ಲಮ್ಮ. ಬೆಂಗಳೂರಲ್ಲಿ ಯಾರೋ ಕಟ್ಟಿಸಿದ ಮನೇದು. ಇದೂ ಮೂವತ್ತು-ನಲವತ್ತು ಸೈಟೇ ತಾನೇ, ಮೇಸ್ತ್ರಿ ಕೇಳಿದ್ರು, ಪ್ರಿಂಟ್ ಹಾಕ್ಕೊಟ್ಟೆ" ಅಂದರು. ತಪ್ಪು ಮುಚ್ಚಿಡುವವರ ದನಿ ಅದಾಗಿರಲಿಲ್ಲ. ಎಲ್ಲರೂ ಹೀಗೇ ಮಾಡುತ್ತಾರೆ ಎನ್ನುವ ಸಹಜವಾದ ಮಾತು. ಭಯವಾದದ್ದು ಅದಕ್ಕೇ.

ಮೇಷ್ಟರು ಕೇಳಿದ ಪ್ರಶ್ನೆಗಳು

ಮೇಷ್ಟರು ಹಾಳೆಯನ್ನು ಮೇಜಿನ ಮೇಲೆ ಹರಡಿಕೊಂಡು ಮೊದಲೇ ಒಂದು ಮಾತು ಹೇಳಿದರು: "ನಾನು ಇದನ್ನ ಮತ್ತೆ ಡಿಸೈನ್ ಮಾಡಿಕೊಡಲ್ಲ. ಪ್ರಶ್ನೆ ಬರೆದುಕೊಡ್ತೀನಿ. ಉತ್ತರ ಇದನ್ನ ಬರೆದವರು ಕೊಡಬೇಕು. ಉತ್ತರ ಸರಿ ಇದ್ರೆ ನಾನೇ ತಪ್ಪು ಅಂತ ಅರ್ಥ, ಸಂತೋಷ." ಬೇರೆಯವರು ಬರೆದ ನಕ್ಷೆಯನ್ನು ಪರಿಶೀಲಿಸುವುದೆಂದರೆ ಏನು ಎಂದು ನಾಲ್ಕು ವರ್ಷದ ಪಾಠಕ್ಕಿಂತ ಚೆನ್ನಾಗಿ ಆ ಮಾತಿನಿಂದ ತಿಳಿಯಿತು.

ಅವರ ಮೊದಲ ಪ್ರಶ್ನೆ ಮಣ್ಣಿನದು. "ಸೈಟು ಮುಂಚೆ ಏನಾಗಿತ್ತು?" ಗದ್ದೆ ಎಂದೆ. ಅವರು ಪೆನ್ನು ಕೆಳಗಿಟ್ಟರು. ಬೆಂಗಳೂರಿನ ಆ ಮನೆ ನಿಂತಿರುವುದು ಗಟ್ಟಿ ಕೆಂಪು ನೆಲದ ಮೇಲೆ ಇರಬಹುದು. ನಮ್ಮದು ವರ್ಷಗಟ್ಟಲೆ ನೀರು ನಿಲ್ಲಿಸಿ ಭತ್ತ ಬೆಳೆದ ಕಪ್ಪು ಜಾಗ. 2022ರ ಮಳೆಗಾಲದಲ್ಲಿ ಸುವರ್ಣಾವತಿ ಉಕ್ಕಿ ಯಳಂದೂರು ಸುತ್ತಮುತ್ತ ನೀರು ನುಗ್ಗಿದ್ದನ್ನು ಈ ಕಡೆಯವರು ಯಾರೂ ಮರೆತಿಲ್ಲ. ಎರೆಮಣ್ಣು ನೀರು ಕುಡಿದರೆ ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗಿ ಬಿರುಕು ಬಿಡುತ್ತದೆ. ಅದರ ಮೇಲೆ ನಿಂತ ಪಾಯ ಒಂದು ಮೂಲೆ ಏರಿ ಇನ್ನೊಂದು ಮೂಲೆ ಇಳಿದರೆ ಗೋಡೆ ಸೀಳುತ್ತದೆ. ಗಟ್ಟಿ ನೆಲಕ್ಕೆ ಬರೆದ ಅಳತೆಯ ಫುಟಿಂಗನ್ನು ಇಲ್ಲಿ ತಂದು ಕೂರಿಸುವುದು, ಕೊಳ್ಳೇಗಾಲದ ಡಾಕ್ಟರು ಯಾರಿಗೋ ಬರೆದುಕೊಟ್ಟ ಚೀಟಿಯಲ್ಲಿ ನಾವು ಮಾತ್ರೆ ತಂದು ನುಂಗಿದ ಹಾಗೆ. "ಒಂದು ಗುಂಡಿ ತೋಡಿಸಿ ನೋಡಿ. ಗಟ್ಟಿ ನೆಲ ಎಷ್ಟು ಅಡಿಗೆ ಸಿಕ್ತದೆ ಅಂತ ಗೊತ್ತಾಗದೆ ಪಾಯದ ಆಳ ಬರೆಯೋದು ಹೇಗೆ?" ಎಂದು ಬರೆದರು.

ಎರಡನೆಯದು ಬಾಲ್ಕನಿ. ಅಮ್ಮನಿಗೆ ರಸ್ತೆ ಕಡೆಗೆ ಐದಡಿ ಬಾಲ್ಕನಿ ಬೇಕೆಂದು ಆಸೆ. ಅಯ್ಯನವರು ಅದಕ್ಕೆ ಅಡ್ಡಿ ಮಾಡಿರಲಿಲ್ಲ. ಹಾಳೆಯಲ್ಲಿ ಅದರ ಮುಖ್ಯ ಕಂಬಿಯನ್ನು ಸ್ಲ್ಯಾಬಿನ ಕೆಳಭಾಗದಲ್ಲಿ ಬರೆದಿತ್ತು. ಇದನ್ನು ಎಂಜಿನಿಯರಿಂಗ್ ಓದದವರೂ ಅರ್ಥ ಮಾಡಿಕೊಳ್ಳಬಹುದು. ಕೈಯನ್ನು ಮುಂದಕ್ಕೆ ನೀಡಿ, ಅಂಗೈ ಮೇಲೆ ನೀರು ತುಂಬಿದ ಬಿಂದಿಗೆ ಇಟ್ಟುಕೊಳ್ಳಿ. ನೋವು ಎಲ್ಲಿ ಎಳೆಯುತ್ತದೆ? ಭುಜದ ಮೇಲ್ಭಾಗದಲ್ಲಿ. ಹೊರಗೆ ಚಾಚಿದ ಸ್ಲ್ಯಾಬಿಗೂ ಅಷ್ಟೇ, ಎಳೆತ ಬರುವುದು ಮೇಲ್ಗಡೆ. ಕಾಂಕ್ರೀಟು ಒತ್ತಿದರೆ ತಡೆದುಕೊಳ್ಳುತ್ತದೆ, ಎಳೆದರೆ ಸೀಳುತ್ತದೆ. ಎಳೆತ ತಡೆಯಲಿ ಎಂದೇ ಕಂಬಿ ಹಾಕುವುದು. ಎಳೆತ ಇರುವ ಕಡೆ ಬಿಟ್ಟು ಇನ್ನೊಂದು ಕಡೆ ಹಾಕಿದರೆ ಕಂಬಿಗೆ ಕೊಟ್ಟ ಹಣ ಒಳಗೇ ಹೂತು ಹೋಗುತ್ತದೆ. ನಡುಮನೆಯ ಸ್ಲ್ಯಾಬಿನಲ್ಲಿ ಕಂಬಿ ಕೆಳಗಿರುವುದೇ ಸರಿ. ಬಾಲ್ಕನಿಗೂ ಅದೇ ಗೆರೆಯನ್ನು ಮುಂದುವರಿಸಿ ಎಳೆದುಬಿಟ್ಟಿದ್ದರು. ಕಂಪ್ಯೂಟರಿನಲ್ಲಿ ಅರ್ಧ ನಿಮಿಷದ ಎಡವಟ್ಟು.

ಮೂರನೆಯದಕ್ಕೆ ಮೇಷ್ಟರು ಕೆಂಪು ಶಾಯಿಯಲ್ಲಿ ದೊಡ್ಡ ಸುತ್ತು ಹಾಕಿದರು. ಮನೆಯ ಮುಂಭಾಗ ಕೆಳಗೆ ಅಂಗಡಿ. ಬಾಡಿಗೆಗೆ ಬರುವವರು ಅಗಲವಾದ ಶಟರ್ ಕೇಳಿದ್ದರಿಂದ ನಡುವಿನ ಪಿಲ್ಲರನ್ನು ತೆಗೆದಿದ್ದರು. ಆದರೆ ಮೇಲಿನ ಮಹಡಿಯಲ್ಲಿ ಅದೇ ಜಾಗದಲ್ಲಿ ಪಿಲ್ಲರ್ ಇತ್ತು. ಅಂದರೆ ಮೇಲೆ ಕಂಬ, ಕೆಳಗೆ ಅದಕ್ಕೆ ಕಾಲಿಲ್ಲ! ಮೇಲಿನ ಗೋಡೆ, ತಾರಸಿ, ನೀರಿನ ಟ್ಯಾಂಕು ಎಲ್ಲದರ ಭಾರ ಆ ಕಂಬದಲ್ಲಿ ಇಳಿದು ಬಂದು ಒಂದು ಬೀಮಿನ ನಟ್ಟನಡುವೆ ಕೂರುತ್ತದೆ. ಹಾಗೆ ಕಟ್ಟಲೇಬಾರದು ಎಂದಲ್ಲ, ಲೆಕ್ಕ ಹಾಕಿ ಅದಕ್ಕೆ ತಕ್ಕ ಬೀಮ್ ಕೊಟ್ಟು ಕಟ್ಟುವವರಿದ್ದಾರೆ. ನಮ್ಮ ಹಾಳೆಯಲ್ಲಿ ಆ ಬೀಮು ಮನೆಯ ಉಳಿದೆಲ್ಲ ಬೀಮುಗಳಷ್ಟೇ ದಪ್ಪ. ಪಿಲ್ಲರ್ ತೆಗೆದವರು ಮೇಲಿನ ಮಹಡಿಯ ಹಾಳೆಯನ್ನು ನೋಡಿರಲಿಲ್ಲ.

ಉಳಿದವು ಸಣ್ಣಪುಟ್ಟವು. ಪಿಲ್ಲರಿಗೆ ಒಂದೆರಡು ಕಡೆ 10 ಎಂಎಂ ಕಂಬಿ ಬರೆದಿತ್ತು. ಐಎಸ್ 456 ಎಂಬ 2000ನೇ ಇಸವಿಯ ಭಾರತೀಯ ಸಂಹಿತೆಯ ಪ್ರಕಾರ ಪಿಲ್ಲರಿನ ಉದ್ದ ಕಂಬಿ 12 ಎಂಎಂಗಿಂತ ಸಣ್ಣದಿರಬಾರದು. ಫುಟಿಂಗಿನ ಕಂಬಿಗೂ ಮಣ್ಣಿಗೂ ನಡುವೆ 50 ಎಂಎಂ ಕಾಂಕ್ರೀಟು ಇರಬೇಕು, ಅದರ ಮಾತೇ ಹಾಳೆಯಲ್ಲಿರಲಿಲ್ಲ. ಒಟ್ಟು ಹನ್ನೊಂದು ಪ್ರಶ್ನೆ. ಎರಡು ಗಂಟೆ, ಎರಡು ಕಾಫಿ. ದುಡ್ಡು ಕೊಡಲು ಹೋದರೆ ಮೇಷ್ಟರು ಬೈದರು.

ಯಾರು ನೋಡುತ್ತಾರೆ?

ಹಾಗಾದರೆ ನಮ್ಮಲ್ಲಿ ನಕ್ಷೆಯನ್ನು ಯಾರೂ ನೋಡುವುದೇ ಇಲ್ಲವೇ? ನೋಡುತ್ತಾರೆ. 1993ರ ಪಂಚಾಯತ್ ರಾಜ್ ಕಾಯ್ದೆಯ 64ನೇ ಪ್ರಕರಣದ ಪ್ರಕಾರ ಗ್ರಾಮ ಪಂಚಾಯಿತಿಯ ಅನುಮತಿ ಇಲ್ಲದೆ ಮನೆ ಕಟ್ಟುವಂತಿಲ್ಲ. ನಮೂನೆ 9, 11 ಹಿಡಿದು ಪಂಚಾಯಿತಿ ಕಚೇರಿಗೆ ಅಲೆದವರಿಗೆಲ್ಲ ಇದು ಗೊತ್ತು. ಅಲ್ಲಿ ನೋಡುವುದು ಜಾಗ ಯಾರದು, ಕಂದಾಯ ಕಟ್ಟಿದೆಯೇ, ರಸ್ತೆಗೆ ಎಷ್ಟು ಜಾಗ ಬಿಟ್ಟಿದ್ದೀರಿ ಎಂಬುದನ್ನು. ಅದೂ ಬೇಕಾದ್ದೇ. ಪಕ್ಕದವರ ಗೋಡೆಗೆ ಅಂಟಿಸಿ ಕಟ್ಟಿ ಜೀವಮಾನವಿಡೀ ಕೋರ್ಟಿಗೆ ಅಲೆಯುವ ಕುಟುಂಬಗಳು ನಮ್ಮಲ್ಲಿ ಕಮ್ಮಿಯೇನಿಲ್ಲ. ಆದರೆ ಕಂಬಿಯ ಹಾಳೆಯನ್ನು ಬಿಡಿಸಿ, ಬಾಲ್ಕನಿಯ ಕಂಬಿ ಮೇಲಿದೆಯೋ ಕೆಳಗಿದೆಯೋ ಎಂದು ನೋಡುವ ಜನ ಪಂಚಾಯಿತಿಯಲ್ಲಿ ಇಲ್ಲ. ಪಿಡಿಒ ಅವರನ್ನು ಅದಕ್ಕೆ ದೂರುವುದೂ ತಪ್ಪು, ಅದು ಅವರ ಓದಲ್ಲ.

ಸರ್ಕಾರದ ವಸತಿ ಯೋಜನೆಯ ಮನೆಗಳದ್ದು ಇನ್ನೊಂದು ಬಗೆ. ಪಾಯ ಮುಗಿದ ಮೇಲೆ ಒಂದು ಫೋಟೋ, ಲಿಂಟಲ್ ಮಟ್ಟಕ್ಕೆ ಬಂದಾಗ ಒಂದು, ತಾರಸಿ ಆದ ಮೇಲೆ ಒಂದು. ಜಿಪಿಎಸ್ ಸಹಿತ ಫೋಟೋ ಏರಿಸಿದರೆ ಕಂತಿನ ಹಣ ಬರುತ್ತದೆ. ಹಣ ತಿಂದುಹಾಕದಂತೆ ತಡೆಯಲು ಇದು ಒಳ್ಳೆಯ ಉಪಾಯ. ಆದರೆ ಫೋಟೋದಲ್ಲಿ ಕಾಣುವುದು ಕಟ್ಟಿ ಮುಗಿಸಿದ್ದು ಮಾತ್ರ. ಕಾಂಕ್ರೀಟಿನ ಒಳಗೆ ಏನಿದೆ ಎಂದು ಯಾವ ಮೊಬೈಲೂ ತೋರಿಸುವುದಿಲ್ಲ.

ನಗರದಲ್ಲಿ ಏನೋ ಬೇರೆ ಇರಬಹುದು ಎಂದುಕೊಂಡಿದ್ದೆ. ಬೆಂಗಳೂರಿನಲ್ಲಿ 2024ರಲ್ಲಿ 'ನಂಬಿಕೆ ನಕ್ಷೆ' ಎಂಬ ಯೋಜನೆ ಬಂತು. 50x80 ಅಡಿವರೆಗಿನ ನಿವೇಶನಕ್ಕೆ ನೋಂದಾಯಿತ ವಾಸ್ತುಶಿಲ್ಪಿ ಅಥವಾ ಎಂಜಿನಿಯರ್ ಮೂಲಕ ಆನ್‌ಲೈನಿನಲ್ಲಿ ತಾತ್ಕಾಲಿಕ ಮಂಜೂರಾತಿ ಪಡೆಯಬಹುದು. ಕಚೇರಿ ಅಲೆದಾಟ, ಕೈಬಿಸಿ ತಪ್ಪುತ್ತದೆ ಎಂದು ಜನರಿಗೆ ಖುಷಿ. ನನಗೂ ಖುಷಿಯೇ. ಹೆಸರು ಮಾತ್ರ ಯೋಚನೆಗೆ ಹಚ್ಚಿತು. ಬರೆದವರನ್ನು ನಂಬುವುದು ಒಂದು, ಬರೆದದ್ದನ್ನು ಮತ್ತೊಬ್ಬರು ನೋಡುವುದು ಇನ್ನೊಂದು. ನಂಬಿಕೆ ಇದ್ದರೂ ದುಡ್ಡು ಎಣಿಸಿಯೇ ತಗೊಳ್ಳುತ್ತೇವಲ್ಲ.

ದೊಡ್ಡ ಕೆಲಸಗಳಿಗೆ ಈ ಎಣಿಕೆ ಇದೆ. ದೊಡ್ಡ ಸೇತುವೆ, ಮೇಲ್ಸೇತುವೆಗಳ ವಿನ್ಯಾಸವನ್ನು ಐಐಟಿ, ಎನ್ಐಟಿಯಂಥ ಸಂಸ್ಥೆಗಳಿಗೆ 'ಪ್ರೂಫ್ ಚೆಕ್'ಗೆ ಕಳಿಸುವ ರೂಢಿಯುಂಟು. 50 ಮೀಟರಿಗಿಂತ ಎತ್ತರದ ಕಟ್ಟಡಗಳಿಗೆಂದೇ 2017ರಲ್ಲಿ ಬಂದ ಐಎಸ್ 16700 ಸಂಹಿತೆ, ತನ್ನ ಮಿತಿಗಳನ್ನು ಮೀರುವ ಕಟ್ಟಡವನ್ನು ಪರಿಣತರ ತಂಡ ನೋಡಬೇಕು ಎನ್ನುತ್ತದೆ. ಜರ್ಮನಿಯಲ್ಲಂತೂ ಪರಿಶೀಲನೆಯ ಎಂಜಿನಿಯರ್ ಎಂಬ ಪ್ರತ್ಯೇಕ ವೃತ್ತಿಯೇ ಇದೆ. ಲೆಕ್ಕ ಹಾಕಿದವರು ಒಬ್ಬರು, ಅದನ್ನು ತಮ್ಮ ಕೈಯಿಂದ ಮತ್ತೆ ಹಾಕಿ ನೋಡುವವರು ಇನ್ನೊಬ್ಬರು. ನಮ್ಮಲ್ಲಿ ಹದಿನೈದು ಮಹಡಿಗೆ ಸಿಗುವ ಇನ್ನೊಂದು ಕಣ್ಣು ಎರಡು ಮಹಡಿಗೆ ಸಿಗುವುದಿಲ್ಲ. ಆದರೆ ಈ ನಾಡಿನ ಬಹುಪಾಲು ಜನ ಮಲಗುವುದು ಒಂದು, ಎರಡು, ಮೂರು ಮಹಡಿಯ ಮನೆಗಳಲ್ಲೇ.

ಮೇಸ್ತ್ರಿಯ ಸಿಟ್ಟು

ಹನ್ನೊಂದು ಪ್ರಶ್ನೆಗಳ ಹಾಳೆಯನ್ನು ಮನೆಗೆ ತಂದ ದಿನ ಮೇಸ್ತ್ರಿ ಕೆಂಡವಾದರು. "ನಿಮ್ಮ ತಾತನ ಮನೆ ಕಟ್ಟಿದ್ದೂ ನಾನೇ, ನಿಮ್ಮ ಚಿಕ್ಕಪ್ಪನ ಮನೆ ಕಟ್ಟಿದ್ದೂ ನಾನೇ. ಯಾವುದಾರ ಬಿದ್ದೋಗದಾ? ಏಳಪ್ಪ" ಎಂದು ಅಪ್ಪನ ಕಡೆ ತಿರುಗಿದರು. ಅಪ್ಪ ನೆಲ ನೋಡಿದರು. ಅವರಿಗೆ ನನ್ನ ಮೇಲೆ ಸಿಟ್ಟು, ಮೇಸ್ತ್ರಿಯ ಮೇಲೆ ದಾಕ್ಷಿಣ್ಯ. ಗುದ್ದಲಿ ಪೂಜೆ ಆಗಿಹೋಗಿತ್ತು. ಸೊಸೈಟಿ ಸಾಲದ ಬಡ್ಡಿ ಓಡುತ್ತಿತ್ತು. ಅಣ್ಣನ ಮದುವೆಗೆ ಮುಂಚೆ ಹೊಸ ಮನೆಗೆ ಹೋಗಬೇಕೆಂಬ ಆಸೆ. ಇಂಥ ಹೊತ್ತಿನಲ್ಲಿ ಮಗಳು ಹಾಳೆ ಹಿಡಿದು ಬಂದರೆ ಯಾವ ಅಪ್ಪನಿಗೆ ಖುಷಿಯಾದೀತು?

ಮೇಸ್ತ್ರಿಯ ಸಿಟ್ಟು ನನಗೆ ಹೊಸದಲ್ಲ ಎಂದು ಆಮೇಲೆ ಅನಿಸಿತು. ನೂರ ಹದಿನೈದಕ್ಕೂ ಹೆಚ್ಚು ವರ್ಷದ ಹಿಂದೆ ಬಹಳ ದೊಡ್ಡ ಎಂಜಿನಿಯರೊಬ್ಬರಿಗೆ ಇದೇ ಸಿಟ್ಟು ಬಂದಿತ್ತು. ಕೆನಡಾದ ಕ್ವಿಬೆಕ್ ಬಳಿ ಸೇಂಟ್ ಲಾರೆನ್ಸ್ ನದಿಗೆ ಜಗತ್ತಿನಲ್ಲೇ ದೊಡ್ಡ ಅಂತರದ ಉಕ್ಕಿನ ಸೇತುವೆ ಕಟ್ಟುತ್ತಿದ್ದರು. ಸಲಹೆಗಾರರು ಥಿಯೊಡೋರ್ ಕೂಪರ್, ಆ ಕಾಲದ ಹೆಸರಾಂತ ಸೇತುವೆ ಎಂಜಿನಿಯರ್. ನಡುವಿನ ಅಂತರವನ್ನು 1,600 ಅಡಿಯಿಂದ 1,800 ಅಡಿಗೆ ಹೆಚ್ಚಿಸಿದ ಮೇಲೆ ಸೇತುವೆಯ ಸ್ವಂತ ಭಾರವನ್ನು ಸಕಾಲಕ್ಕೆ ಹೊಸದಾಗಿ ಲೆಕ್ಕ ಹಾಕಲಿಲ್ಲ. ನಕ್ಷೆಗಳನ್ನು ಬೇರೆ ಎಂಜಿನಿಯರಿಂದ ಪರಿಶೀಲಿಸೋಣ ಎಂದು ಅಲ್ಲಿನ ಸರ್ಕಾರದ ರೈಲ್ವೆ ಇಲಾಖೆ ಹೇಳಿತು. ತನ್ನ ಮೇಲೆ ಇನ್ನೊಬ್ಬರನ್ನು ಕೂರಿಸುವುದೇ ಎಂದು ಕೂಪರ್ ಒಪ್ಪಲಿಲ್ಲ. ಅವರ ಹೆಸರು ಎಷ್ಟು ದೊಡ್ಡದೆಂದರೆ ಇಲಾಖೆಯೇ ಹಿಂದೆ ಸರಿಯಿತು. 1907ರ ಆಗಸ್ಟ್ 29ರ ಸಂಜೆ ಅರೆ ಕಟ್ಟಿದ ಸೇತುವೆ ನದಿಗೆ ಕುಸಿದು 75 ಕೆಲಸಗಾರರು ಸತ್ತರು. ಕೂಪರ್ ಕಳ್ಳರಲ್ಲ, ದಡ್ಡರಲ್ಲ. ಅನುಭವಸ್ಥರು. ಪರಿಶೀಲನೆಯನ್ನು ಅವಮಾನ ಎಂದುಕೊಂಡರು, ಅಷ್ಟೇ. ನಮ್ಮ ಮೇಸ್ತ್ರಿಯೂ ಹಾಗೇ ಅಂದುಕೊಂಡಿದ್ದರು.

ಹಾಗೆಂದು ಪರಿಶೀಲನೆ ಎಂಬ ಹೆಸರಿದ್ದರೆ ಸಾಕೆಂದೂ ಅಲ್ಲ. ಅಮೆರಿಕದ ಮಯಾಮಿಯಲ್ಲಿ ಒಂದು ವಿಶ್ವವಿದ್ಯಾಲಯಕ್ಕೆ ಪಾದಚಾರಿ ಸೇತುವೆ ಕಟ್ಟುತ್ತಿದ್ದಾಗ ಸ್ವತಂತ್ರ ಪರಿಶೀಲನೆ ಮಾಡಿಸಿದ್ದರು, ಸಹಿಯೂ ಬಿದ್ದಿತ್ತು. 2018ರ ಮಾರ್ಚ್ 15ರಂದು ಅದು ಕೆಳಗೆ ನಿಂತಿದ್ದ ಕಾರುಗಳ ಮೇಲೆ ಬಿದ್ದು 6 ಜನ ಸತ್ತರು. ಪರಿಶೀಲಿಸಿದ ಕಂಪನಿಗೆ ಆ ಬಗೆಯ ಕೆಲಸಕ್ಕೆ ಬೇಕಾದ ಅರ್ಹತೆಯೇ ಇರಲಿಲ್ಲ, ಪೂರ್ತಿಯಾದ ಸೇತುವೆಯನ್ನು ಮಾತ್ರ ನೋಡಿದ್ದರು, ಕಟ್ಟುತ್ತಿರುವ ನಡು ಹಂತಗಳನ್ನು ನೋಡಿರಲಿಲ್ಲ ಎಂದು ಅಲ್ಲಿನ ತನಿಖೆ ಹೇಳಿತು. ನಮ್ಮಲ್ಲಿ ಸೀಲಿಗೆ ಇರುವ ಬೆಲೆ ನೋಡಿದರೆ ನನಗೆ ಕ್ವಿಬೆಕ್‌ಗಿಂತ ಈ ಮಯಾಮಿಯ ಕಥೆಯೇ ಹೆಚ್ಚು ಹೆದರಿಸುತ್ತದೆ. ನಾಳೆ 'ಪರಿಶೀಲನಾ ಪತ್ರ ಕಡ್ಡಾಯ' ಎಂದು ಆದೇಶ ಬಂದರೆ, ನಾಡಿದ್ದು ಜೆರಾಕ್ಸ್ ಅಂಗಡಿಯಲ್ಲೇ ಅದು ಸಿಗಬಹುದು.

ಕೆನಡಾ, ಅಮೆರಿಕ ಎಲ್ಲ ಮೇಸ್ತ್ರಿಗೆ ಹೇಳಲಿಲ್ಲ. ಹೇಳಿದ್ದರೆ ಇನ್ನಷ್ಟು ಬೈಸಿಕೊಳ್ಳುತ್ತಿದ್ದೆ. ಅವರ ಮನಸ್ಸು ತಿರುಗಿದ್ದು ಬೇರೆ ಕಾರಣಕ್ಕೆ. ಮೂರು ದಿನ ಬಿಟ್ಟು ಬಂದು ಜಗುಲಿ ಮೇಲೆ ಕೂತು ಎಲೆಅಡಿಕೆ ಹಾಕಿಕೊಂಡು, ಆ ಕೆಂಪು ಸುತ್ತಿನ ಮೇಲೆ ಬೆರಳಿಟ್ಟು ಸುಮ್ಮನೆ ನೋಡಿದರು. ಆಮೇಲೆ, "ಗಂಗಾರಾಮ್ ಬಿಲ್ಡಿಂಗ್ ಬಿದ್ದಾಗ ನಾನು ಬೆಂಗ್ಳೂರಲ್ಲೇ ಗಾರೆ ಕಲಸ್ತಿದ್ದೆ ಕಣವ್ವ. ಬೇರೆ ಕಡೆ ಸೈಟು. ಆವತ್ತು ರಾತ್ರಿ ನಮ್ಮ ಶೆಡ್ಡಲ್ಲಿ ಯಾರೂ ಉಣ್ಣಲಿಲ್ಲ" ಅಂದರು.

ಗಂಗಾರಾಮ್ ಎಂಬ ಹೆಸರು ನನಗೆ ಗೊತ್ತಿದ್ದದ್ದು ಪಾಠದಲ್ಲಿ ಬಂದ ಒಂದು ಸಾಲಾಗಿ. 1983ರ ಸೆಪ್ಟೆಂಬರ್ 12ರಂದು ಬೆಂಗಳೂರಿನ ಕಪಾಲಿ ಚಿತ್ರಮಂದಿರದ ಪಕ್ಕ ಕಟ್ಟುತ್ತಿದ್ದ ಬಹುಮಹಡಿ ಕಟ್ಟಡ ಕುಸಿದು 123 ಜನ ಸತ್ತರು. ಮೇಸ್ತ್ರಿಗೆ ಅದು ಹದಿಹರೆಯದಲ್ಲಿ ಕೇಳಿ ನಡುಗಿದ ಸುದ್ದಿ. ಆ ಕಟ್ಟಡದಲ್ಲಿ ಗಾರೆ ಹೊತ್ತವರು ತಮ್ಮಂಥವರೇ ಎಂದು ಅವರಿಗೆ ಗೊತ್ತು.

ಆಮೇಲೂ ನಿಂತಿಲ್ಲ. 2019ರ ಮಾರ್ಚ್ 19ರಂದು ಧಾರವಾಡದ ಕುಮಾರೇಶ್ವರ ನಗರದಲ್ಲಿ ಕಟ್ಟುತ್ತಿದ್ದ ಕಟ್ಟಡ ಕುಸಿದು 19 ಜನ ಹೋದರು. ಅವಶೇಷಗಳಡಿ ಸಿಕ್ಕಿದವರನ್ನು ದಿನಗಟ್ಟಲೆ ಹೊರತೆಗೆಯುತ್ತಿದ್ದುದನ್ನು ನಾವು ಟಿವಿಯಲ್ಲಿ ನೋಡಿದ್ದೇವೆ. 2024ರ ಅಕ್ಟೋಬರ್ 22ರಂದು ಬೆಂಗಳೂರಿನ ಬಾಬುಸಾಪಾಳ್ಯದಲ್ಲಿ ಮಳೆಯ ನಡುವೆ ಕಟ್ಟಡವೊಂದು ಕುಸಿದು 9 ಜನ ಕಾರ್ಮಿಕರು ಸತ್ತರು. ಆ ಜಾಗ ಹೊರಮಾವು ಅಗರದ ಹತ್ತಿರ. ಸುದ್ದಿಯಲ್ಲಿ 'ಅಗರ' ಎಂದು ಕಿವಿಗೆ ಬಿದ್ದು ಅಮ್ಮ ಬೆಚ್ಚಿ ಎದ್ದಿದ್ದರು. ನಮ್ಮ ಅಗರದಿಂದಲೂ, ಕೊಳ್ಳೇಗಾಲ, ಹನೂರು ಕಡೆಯಿಂದಲೂ ಗಾರೆ ಕೆಲಸಕ್ಕೆ ಬೆಂಗಳೂರಿಗೆ ಹೋದವರಿದ್ದಾರೆ. ಮೂರೂ ಕಡೆ ಕಟ್ಟಡ ಬೀಳಲು ಒಂದೇ ಕಾರಣ ಎಂದು ನಾನು ಹೇಳುತ್ತಿಲ್ಲ. ಹೇಳುವಷ್ಟು ದೊಡ್ಡವಳೂ ಅಲ್ಲ. ಆದರೆ ಮೂರೂ ಕಡೆ, ನಕ್ಷೆ ಕಾಗದದ ಮೇಲಿದ್ದಾಗ ಪ್ರಶ್ನೆ ಕೇಳುವುದಕ್ಕೆ ಬಿಡುವಿತ್ತು.

ಕೊನೆಗೆ ಗುಂಡಿ ತೋಡಿದೆವು. ಐದಡಿಗೂ ಕಪ್ಪು ಮಣ್ಣೇ, ಹಿಂಡಿದರೆ ಕೈಗೆ ಅಂಟುವಂಥದ್ದು. ಗಟ್ಟಿ ನೆಲ ಸಿಕ್ಕಿದ್ದು ಇನ್ನೂ ಕೆಳಗೆ. ಮೇಷ್ಟರು ಸೂಚಿಸಿದ, ನಮಗೆ ಪರಿಚಯವಿಲ್ಲದ ಸ್ಟ್ರಕ್ಚರಲ್ ಎಂಜಿನಿಯರ್ ಒಬ್ಬರಿಂದ ನಮ್ಮ ಮಣ್ಣಿಗೆ, ನಮ್ಮ ಮನೆಗೆಂದೇ ಹೊಸ ಹಾಳೆ ಬರೆಸಿದೆವು. ಅವರು ಹಾಳೆಯ ಕೆಳಗಿನ ಚೌಕದಲ್ಲಿ ಹೆಸರು ಬರೆದು ಸಹಿ ಹಾಕಿದರು. ಅದನ್ನು ಮತ್ತೆ ಮೇಷ್ಟರು ನೋಡಿದರು. ಎರಡನೇ ಸಲ ಪ್ರಶ್ನೆ ಎರಡೇ ಇದ್ದವು, ಎರಡಕ್ಕೂ ಉತ್ತರ ಬಂತು. ಹೊಸ ಹಾಳೆಗೆ ಕೊಟ್ಟ ದುಡ್ಡು ನಾವು ತಲೆಬಾಗಿಲಿನ ತೇಗದ ಮರಕ್ಕೆ ಕೊಟ್ಟದ್ದಕ್ಕಿಂತ ಕಮ್ಮಿ.

ಆದರೆ ಪುಕ್ಕಟೆ ಏನೂ ಆಗಲಿಲ್ಲ, ಅದನ್ನೂ ಹೇಳಬೇಕು. ಪಾಯ ಆಳ, ಅಗಲ ಆದದ್ದಕ್ಕೆ ಲಕ್ಷದ ಹತ್ತಿರ ಹೆಚ್ಚು ಖರ್ಚಾಯಿತು. ಮೂರು ವಾರ ತಡವಾಗಿ, ಅಣ್ಣನ ಮದುವೆ ಹಳೇ ಮನೆಯ ಚಪ್ಪರದಲ್ಲೇ ಆಯಿತು. ಬಾಲ್ಕನಿ ಐದಡಿಯಿಂದ ಮೂರಡಿಗೆ ಇಳಿಯಿತು, ಅಮ್ಮ ಇವತ್ತಿಗೂ ಅಲ್ಲಿ ಬಟ್ಟೆ ಒಣಹಾಕುವಾಗ ನನ್ನನ್ನು ಒಂದು ಮಾತು ಅನ್ನದೆ ಬಿಡುವುದಿಲ್ಲ. ಅಂಗಡಿಯ ನಡುವೆ ಪಿಲ್ಲರ್ ವಾಪಸು ಬಂತು. ಅಗಲ ಶಟರ್ ಕೇಳಿದ್ದವರು ಸಂತೇಮರಹಳ್ಳಿ ಕಡೆ ಬೇರೆ ಜಾಗ ನೋಡಿಕೊಂಡರು. ಆಮೇಲೆ ಎರಡು ಸಣ್ಣ ಅಂಗಡಿಗೆ ಬಾಡಿಗೆಯವರು ಸಿಕ್ಕರು, ಆದರೆ ಬಾಡಿಗೆ ಮೊದಲು ಮಾತಾಡಿದ್ದಕ್ಕಿಂತ ಕಡಿಮೆ. ಅಪ್ಪ ಸಿಟ್ಟಿನಲ್ಲಿ ಒಮ್ಮೆ ಕೇಳಿದರು: "ಆ ಹಳೇ ಹಾಳೆಯಂಗೆ ಕಟ್ಟಿದ್ರೆ ಬಿದ್ದೇ ಹೋಗ್ತಿತ್ತಾ?" ಗೊತ್ತಿಲ್ಲ ಅಪ್ಪ ಎಂದೆ. ನಿಜವಾಗಿಯೂ ಗೊತ್ತಿಲ್ಲ. ಬೀಳದೆಯೂ ಇರಬಹುದಿತ್ತು. ಬಿದ್ದ ಮನೆ ಎಲ್ಲರ ಕಣ್ಣಿಗೂ ಕಾಣುತ್ತದೆ, ಬೀಳದಂತೆ ತಡೆದದ್ದನ್ನು ಯಾರಿಗೂ ತೋರಿಸಲು ಆಗುವುದಿಲ್ಲ. ಈ ಕೆಲಸದ ಕಷ್ಟವೇ ಅದು.

ಎಲ್ಲರ ಮನೆಯಲ್ಲೂ ಸಿವಿಲ್ ಓದುವ ಮಗಳು ಇರುವುದಿಲ್ಲ, ಪುಕ್ಕಟೆ ಎರಡು ಗಂಟೆ ಕೊಡುವ ಮೇಷ್ಟರೂ ಸಿಗುವುದಿಲ್ಲ. ಆದರೆ ಚಾಮರಾಜನಗರದಲ್ಲಿ ಸರ್ಕಾರಿ ಎಂಜಿನಿಯರಿಂಗ್ ಕಾಲೇಜಿದೆ. ಪ್ರತಿ ತಾಲ್ಲೂಕಿನಲ್ಲೂ ನಿವೃತ್ತ ಎಂಜಿನಿಯರುಗಳಿದ್ದಾರೆ. ತಿಂಗಳಿಗೆ ಒಂದು ಶನಿವಾರ ತಾಲ್ಲೂಕು ಪಂಚಾಯಿತಿಯ ಸಭಾಂಗಣದಲ್ಲಿ ಇಂಥ ನಾಲ್ಕು ಜನ ಕೂತರೆ, ಮನೆ ಕಟ್ಟಿಸುವವರು ಕಂಬಿಯ ಹಾಳೆ ತಂದು ತೋರಿಸಬಹುದು. ಒಪ್ಪಿಗೆ ಪತ್ರ, ಸೀಲು ಯಾವುದೂ ಬೇಡ. ಪ್ರಶ್ನೆಗಳನ್ನು ಬರೆದುಕೊಟ್ಟರೆ ಸಾಕು. ಸೀಲು ಬಂದ ದಿನ ದಲ್ಲಾಳಿಗಳೂ ಬರುತ್ತಾರೆ ಎಂಬುದು ನನ್ನ ಅನುಮಾನ. ನೋಡುವವರು ಅದೇ ಮನೆಯ ನಕ್ಷೆ ಬರೆದವರಾಗಿರಬಾರದು, ಅದೇ ಮನೆಗೆ ಕಂಬಿ ಮಾರುವವರಾಗಿರಬಾರದು. ಕೊನೆಯ ವರ್ಷದ ವಿದ್ಯಾರ್ಥಿಗಳು ಪಕ್ಕದಲ್ಲಿ ಕೂತು ಬರೆದುಕೊಳ್ಳಲಿ. ಐಸ್‌ಕ್ರೀಂ ಕಡ್ಡಿಯ ಸೇತುವೆಗಿಂತ ಅದು ಒಳ್ಳೆಯ ಪ್ರಾಜೆಕ್ಟು.

ನಮ್ಮ ಮೇಸ್ತ್ರಿ ಈಗ ಮಾಂಬಳ್ಳಿ ಕಡೆ ಇನ್ನೊಂದು ಮನೆ ಹಿಡಿದಿದ್ದಾರೆ. ಹೋದ ವಾರ ರಾತ್ರಿ ವಾಟ್ಸ್ಆ್ಯಪ್‌ನಲ್ಲಿ ಅವರಿಂದ ಫೋಟೋ ಬಂತು. ಮಡಿಕೆ ಮಡಿಕೆಯ ಒಂದು ಹಾಳೆ, ಕೆಳಗಿನ ಚೌಕ ಖಾಲಿ. ಜೊತೆಗೆ ಒಂದು ವಾಯ್ಸ್ ಮೆಸೇಜು: "ಒಸಿ ನಿಮ್ಮ ಮೇಷ್ಟ್ರಿಗೆ ತೋರ್ಸವ್ವ ಕೂಸು. ಮನೆಯವ್ರಿಗೆ ಏಳ್ಬೇಡ."

ಖುಷಿಯಿಂದ ಫೋನ್ ಮಾಡಿ, ಪಾಯ ಯಾವಾಗ ತೋಡುತ್ತೀರಿ ಎಂದು ಕೇಳಿದೆ. "ತೋಡಿ ಆಯ್ತಲ್ಲವ್ವ, ನಾಳೆ ಬೆಳಿಗ್ಗೆ ಪಿಲ್ಲರ್ ನಿಲ್ಲಿಸ್ತೀವಿ" ಅಂದರು. ಆಗ ರಾತ್ರಿ ಒಂಬತ್ತೂವರೆ. ಫೋಟೋವನ್ನು ಮೇಷ್ಟರಿಗೆ ಕಳಿಸಿ, ಅವರು ನೋಡುವವರೆಗೆ ಕಾಂಕ್ರೀಟ್ ಹಾಕಬೇಡಿ ಎಂದು ಮೇಸ್ತ್ರಿಗೆ ಹೇಳಿದೆ. "ನೋಡಾಣ" ಅಂದರು.